ಅಂಟಿನ ಮಾತು ಆಮೇಲೆ, ಮೊದಲು ತೂತಿನೊಳಗಿನ ಧೂಳು ತೆಗೆಯಿರಿ

ಪೋರ್ಟಿಕೊ ಮುಂದೆ ನಾಲ್ಕು ಅಡಿ ಚಾಚುವ ಕಬ್ಬಿಣದ ಮಾಡನ್ನು ಕಾಂಕ್ರೀಟ್ ಬೀಮಿಗೆ ಕೂರಿಸಲು, ತೂತು ಹೊಡೆದು ರಾಡನ್ನು ಹಿಡಿಸುವ ಅಂಟಾಗಿ ದುಬಾರಿ ಎಪಾಕ್ಸಿಯೇ ಬೇಕೇ, ಬೇಗ ಗಟ್ಟಿಯಾಗುವ ಪಾಲಿಯೆಸ್ಟರ್ ಸಾಕೇ ಎಂದು ಕೇಳಿದ್ದೀರಿ. ಒಂಬತ್ತು ವರ್ಷಗಳ ಹಿಂದೆ ಹಾರ್ಡ್‌ವೇರ್ ಅಂಗಡಿಯಲ್ಲಿ ನಿಂತು ನಾನೂ ಇದನ್ನೇ ಕೇಳಿದ್ದೆ. ಇದ್ದುದರಲ್ಲೇ ದುಬಾರಿಯಾದ ಎಪಾಕ್ಸಿ ತಂದೆ. ಎಂಟನೆಯ ವಾರಕ್ಕೆ ಮಾಡು ಕೆಳಗೆ ಬಿತ್ತು.

ಶಿವಮೊಗ್ಗದಲ್ಲಿ ನನ್ನದು ಫ್ಯಾಬ್ರಿಕೇಶನ್ ಕೆಲಸ. ಬಿದ್ದದ್ದು ನನ್ನ ಅಕ್ಕನ ಮನೆಯ ಮಾಡು. ಮೇ ತಿಂಗಳಲ್ಲಿ ಕೂರಿಸಿದ್ದು, ಜುಲೈಯ ಒಂದು ರಾತ್ರಿ ಗಾಳಿಮಳೆಗೆ ಮೂರು ಗಂಟೆಯ ಹೊತ್ತಿಗೆ ಕಳಚಿಕೊಂಡಿತು. ಅಕ್ಕನ ಮಗ ಶಾಲೆಯಿಂದ ಬಂದು ದಿನವೂ ಅದರ ಕೆಳಗೇ ಕುಳಿತು ಶೂ ಬಿಚ್ಚುತ್ತಿದ್ದ. ಅದು ಸಂಜೆ ನಾಲ್ಕಕ್ಕೆ ಬಿದ್ದಿದ್ದರೆ ಎಂಬ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಬೆಳಗಾದ ಮೇಲೆ ಕಿತ್ತುಬಂದ ರಾಡುಗಳನ್ನು ಕೈಯಲ್ಲಿ ಹಿಡಿದು ನೋಡಿದೆ. ಒಂದೂ ಬಾಗಿರಲಿಲ್ಲ, ಒಂದೂ ತುಂಡಾಗಿರಲಿಲ್ಲ. ಥ್ರೆಡ್ಡಿನ ಸಂದುಸಂದಿಗೂ ಅಂಟು ಕಲ್ಲಿನಂತೆ ಕಚ್ಚಿಕೊಂಡಿತ್ತು. ಆದರೆ ಅಂಟಿನ ಹೊರಮೈಗೆ ಬೂದು ಬಣ್ಣದ ನಯವಾದ ಪುಡಿ ಮೆತ್ತಿಕೊಂಡಿತ್ತು. ಬೆರಳಿನಿಂದ ಒರೆಸಿದರೆ ವಿಭೂತಿಯಂತೆ ಬರುತ್ತಿತ್ತು. ತೂತಿನ ಒಳಗೋಡೆಯೂ ಹಾಗೆಯೇ, ಅಂಟಿನ ಗುರುತೇ ಇಲ್ಲ.

ನನ್ನ ತಪ್ಪು ಇಷ್ಟೇ. 12 ಮಿಲಿಮೀಟರ್ ರಾಡಿಗೆ 14 ಮಿಲಿಮೀಟರ್ ತೂತು, ಆಳ 110, ಲೆಕ್ಕವೆಲ್ಲ ಸರಿಯಿತ್ತು. ಹ್ಯಾಮರ್ ಡ್ರಿಲ್ ಹೊಡೆದ ಮೇಲೆ ಕೆಲಸದ ಹುಡುಗ ಒಂದು ಸಣ್ಣ ಕೊಳವೆ ಇಟ್ಟು ಬಾಯಿಂದ ಊದಿದ. ಪುಡಿ ಹೊರಗೆ ಹಾರಿತು, ಸಾಕು ಎಂದೆ. ಬ್ರಷ್ ಹಾಕಲಿಲ್ಲ. ಡ್ರಿಲ್ ಬಿಟ್ ತಿರುಗುತ್ತಾ ಕುಟ್ಟುವಾಗ ಕಾಂಕ್ರೀಟಿನ ಪುಡಿ ತೂತಿನ ಗೋಡೆಗೆ ಒತ್ತಿ ಮೆತ್ತಿಕೊಳ್ಳುತ್ತದೆ. ಊದಿದರೆ ಹೋಗುವುದು ಸಡಿಲ ಪುಡಿ ಮಾತ್ರ, ಮೆತ್ತಿಕೊಂಡದ್ದು ಹೋಗುವುದಿಲ್ಲ. ಬಾಯಿಂದ ಊದಿದರೆ ಉಸಿರಿನ ತೇವಕ್ಕೆ ಅದು ಇನ್ನಷ್ಟು ಹತ್ತಿಕೊಳ್ಳುತ್ತದೆ. ಚಪಾತಿ ಲಟ್ಟಿಸುವಾಗ ಮಣೆಗೆ ಅಂಟಬಾರದೆಂದು ಒಣಹಿಟ್ಟು ಉದುರಿಸುತ್ತೇವಲ್ಲ, ತೂತಿನೊಳಗಿನ ಧೂಳು ಮಾಡುವುದೂ ಅದೇ ಕೆಲಸ. ನನ್ನ ದುಬಾರಿ ಎಪಾಕ್ಸಿ ಹಿಡಿದುಕೊಂಡದ್ದು ಧೂಳನ್ನು, ಕಾಂಕ್ರೀಟನ್ನಲ್ಲ.

ಕ್ರಮ ಹೀಗಿರಬೇಕಿತ್ತು: ಮೊದಲು ಗಾಳಿ, ಆಮೇಲೆ ತಂತಿ ಬ್ರಷ್, ಮತ್ತೆ ಗಾಳಿ. ಎರಡೆರಡು ಸಲವೋ ನಾಲ್ಕು ನಾಲ್ಕು ಸಲವೋ ಎಂಬುದು ಅಂಟಿನ ಜೊತೆ ಬರುವ ಸೂಚನಾ ಹಾಳೆಯಲ್ಲಿ ಇರುತ್ತದೆ. ಗಾಳಿಯ ಕೊಳವೆ ತೂತಿನ ತಳ ಮುಟ್ಟಬೇಕು. ಬ್ರಷ್ ತೂತಿಗಿಂತ ಕೂದಲೆಳೆಯಷ್ಟು ದಪ್ಪವಿದ್ದು, ಒಳಗೆ ತಳ್ಳುವಾಗ ಕೈಗೆ ಬಿಗಿ ತಾಗಬೇಕು. ಸಲೀಸಾಗಿ ಹೋದರೆ ಅದು ಸವೆದಿದೆ, ಎಸೆಯಿರಿ. ಪಂಕ್ಚರ್ ಅಂಗಡಿಯ ಕಂಪ್ರೆಸರ್ ತರಬೇಡಿ, ಅದರ ಗಾಳಿಯಲ್ಲಿ ಎಣ್ಣೆಯೂ ನೀರೂ ಬರುತ್ತವೆ. ನೀರು ಹಾಕಿ ತೊಳೆಯುತ್ತೇನೆ ಎನ್ನುವ ಮೇಸ್ತ್ರಿ ಸಿಕ್ಕರೆ ತಡೆಯಿರಿ. ಆ ಪುಡಿ ಕೆಸರಾಗಿ ಗೋಡೆಗೆ ಬಳಿದುಕೊಳ್ಳುತ್ತದೆ. ಮಾಡನ್ನು ಬೀಮಿಗೆ ಹಿಡಿಸುವ ಕಬ್ಬಿಣದ ಬ್ರಾಕೆಟ್ ನಾಲ್ಕು, ಒಟ್ಟು ಹದಿನಾರು ತೂತು, ಸ್ವಚ್ಛಗೊಳಿಸಲು ಅರ್ಧ ದಿನ ಹಿಡಿಯುತ್ತದೆ. ಆ ಅರ್ಧ ದಿನದ ಕೂಲಿಯನ್ನು ನಾನು ಉಳಿಸಿದ್ದೆ.

ಕೂರಿಸಿದ ಮರುದಿನ ನಾನೇ ಮಾಡಿಗೆ ಜೋತುಬಿದ್ದು ಪರೀಕ್ಷಿಸಿದ್ದೆ, ಅಲುಗಲಿಲ್ಲ. ಆ ಪರೀಕ್ಷೆಗೆ ಬೆಲೆಯಿಲ್ಲ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ನಿನಲ್ಲಿ ಸುರಂಗ ರಸ್ತೆಯ ಒಳಮಾಡಿನ ಕಾಂಕ್ರೀಟ್ ಹಲಗೆಗಳು, ಸುಮಾರು 26 ಟನ್, ಚಲಿಸುತ್ತಿದ್ದ ಕಾರಿನ ಮೇಲೆ ಬಿದ್ದು ಒಬ್ಬ ಮಹಿಳೆ ಸತ್ತರು. ಅಲ್ಲಿನ ಆಂಕರುಗಳನ್ನೂ, ಅಂದರೆ ತೂತಿನಲ್ಲಿ ಅಂಟಿನಿಂದ ನಿಲ್ಲಿಸಿದ ರಾಡುಗಳನ್ನೂ, ಕೂರಿಸಿದಾಗ ಎಳೆದು ಪರೀಕ್ಷಿಸಿದ್ದರು. ತನಿಖೆಯಲ್ಲಿ ಕಂಡದ್ದು, ಬಳಸಿದ್ದು ಬೇಗ ಗಟ್ಟಿಯಾಗುವ ಬಗೆಯ ಎಪಾಕ್ಸಿ, ಅದು ಹಗಲಿರುಳು ಬೀಳುವ ಎಳೆತಕ್ಕೆ ಕೂದಲೆಳೆಯಷ್ಟೇ ಜಾರುತ್ತಾ ಬಂದು ಕೊನೆಗೆ ಕೈಬಿಟ್ಟಿತು ಎಂಬುದು. ಎಂಜಿನಿಯರುಗಳು ಇದಕ್ಕೆ ಕ್ರೀಪ್ ಎನ್ನುತ್ತಾರೆ. ನಿಮ್ಮ ಮಾಡು ಚಾಚಿಕೊಂಡಿರುವುದರಿಂದ ಪ್ರತಿ ಬ್ರಾಕೆಟ್ಟಿನ ಮೇಲ್ಭಾಗದ ಎರಡು ಬೋಲ್ಟುಗಳ ಮೇಲೆ ಇಂಥದ್ದೇ ಬಿಡುವಿಲ್ಲದ ಎಳೆತ ಇರುತ್ತದೆ. ‘ಬೇಗ ಗಟ್ಟಿಯಾಗುವ’ ಎಂಬ ಮಾತನ್ನು ಇಲ್ಲಿಗೇ ಬಿಟ್ಟುಬಿಡಿ.

ಹಾಗಾಗಿ ಎಪಾಕ್ಸಿಯೋ ಪಾಲಿಯೆಸ್ಟರೋ ಎಂಬ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಅಂಟೇ ಬೇಡ. ಬೀಮಿನ ಹಿಂಬದಿ ಕೈಗೆ ಸಿಗುವುದಾದರೆ ಬೀಮಿನೊಳಗಿನ ಕಂಬಿ ತಪ್ಪಿಸಿ ಆರಪಾರ ತೂತು ಹೊಡೆದು, ಹಿಂದೆ ದಪ್ಪ ಕಬ್ಬಿಣದ ಪ್ಲೇಟ್ ಕೊಟ್ಟು ಬೋಲ್ಟ್ ಬಿಗಿಯಿರಿ. ಒಳಗಡೆ ಇನ್ನೂ ಗಾರೆ ಆಗಿಲ್ಲ ಎಂದಿದ್ದೀರಿ, ಪ್ಲೇಟ್ ಅದರೊಳಗೆ ಮುಚ್ಚಿಹೋಗುತ್ತದೆ. ಅಕ್ಕನ ಮನೆಗೆ ಎರಡನೆಯ ಸಲ ಹಾಗೆಯೇ ಮಾಡಿದೆ.

ಅಂಟಿಲ್ಲದೆ ಆಗುವುದೇ ಇಲ್ಲ ಎಂದಾದರೆ, ಬಿಡುವಿಲ್ಲದ ಎಳೆತಕ್ಕೆ ಪರೀಕ್ಷೆಯಾಗಿದೆ ಎಂದು ದಾಖಲೆ ಇರುವ, ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ತನ್ನಿ, ಲೆಕ್ಕವನ್ನು ಎಂಜಿನಿಯರಿಂದ ಮಾಡಿಸಿ. ಬೀಮ್ ಹಾಕಿ ಹದಿನೈದು ದಿನ ಎಂದು ಬರೆದಿದ್ದೀರಿ. ಅಮೆರಿಕದ ಕಾಂಕ್ರೀಟ್ ಸಂಹಿತೆ ಇಂಥ ಆಂಕರಿಗೆ ಕನಿಷ್ಠ 21 ದಿನದ ಕಾಂಕ್ರೀಟ್ ಕೇಳುತ್ತದೆ, ಅಲ್ಲಿಯವರೆಗೆ ಡ್ರಿಲ್ ಮುಟ್ಟಬೇಡಿ. ಅಂಟಿನ ಟ್ಯೂಬಿನ ಮೂತಿಯಿಂದ (ನಾಝಲ್) ಮೊದಲು ಬರುವ ಅಂಟಿನ ಎರಡು ಭಾಗ ಸರಿಯಾಗಿ ಬೆರೆತಿರುವುದಿಲ್ಲ, ಬಣ್ಣ ಒಂದೇ ಸಮ ಆಗುವವರೆಗೆ ಹೊರಗೆ ಚೆಲ್ಲಿ. ತೂತನ್ನು ತಳದಿಂದ ತುಂಬುತ್ತಾ ಬನ್ನಿ, ರಾಡನ್ನು ತಿರುಗಿಸುತ್ತಾ ಇಳಿಸಿ, ಹಾಳೆಯಲ್ಲಿ ಹೇಳಿದಷ್ಟು ಹೊತ್ತು ಮುಟ್ಟಬೇಡಿ. ಪಾಲಿಯೆಸ್ಟರನ್ನು ನಾನು ಗೋಡೆಯ ಹಿಡಿಕೆ, ನಲ್ಲಿಪೈಪಿನ ಕ್ಲಾಂಪಿನಂಥ ಹಗುರ ಕೆಲಸಕ್ಕೆ ಬಳಸುತ್ತೇನೆ, ತಲೆಯ ಮೇಲೆ ತೂಗುವುದಕ್ಕಲ್ಲ.

ಬೀಮಿನ ಅಗಲ ಎಷ್ಟು, ಹಿಂಬದಿಯಲ್ಲಿ ಹಾಲ್ ಇದೆಯೇ ಸ್ಲ್ಯಾಬ್ ಇದೆಯೇ ಬರೆಯಿರಿ. ಬೋಲ್ಟ್ ಎಷ್ಟು ಉದ್ದ ಬೇಕಾಗುತ್ತದೆ ಎಂದು ಹೇಳುತ್ತೇನೆ.