ತಮ್ಮನ ಮಗನ ಸರ್ವರ್ ನಂಬಬಹುದಾ?

ಓದುಗರ ಪತ್ರ: ನಾವು ಶಿರಸಿ, ಸಿದ್ದಾಪುರ ಕಡೆಯ ನಲವತ್ತು ಜನ ಸೇರಿ ಅಪ್ಪೆಮಿಡಿ ಮರಗಳ ಫೋಟೊ, ವಿವರ ಕೂಡಿಸುತ್ತಿದ್ದೇವೆ. ಎಲ್ಲವೂ ವಾಟ್ಸಾಪ್ ಗುಂಪಿನಲ್ಲಿದೆ. ಹೋದ ವರ್ಷ ಹಾಕಿದ್ದು ಈ ವರ್ಷ ಹುಡುಕಿದರೆ ಸಿಗುವುದಿಲ್ಲ. ಫೇಸ್‌ಬುಕ್ಕಿನಲ್ಲಿ ಹಾಕಿದರೆ ನಮ್ಮವರಿಗೇ ಕಾಣುವುದಿಲ್ಲ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿರುವ ನನ್ನ ತಮ್ಮನ ಮಗ, ಮಾಸ್ಟೊಡಾನ್ ಅಂತ ಒಂದಿದೆ, ನಿಮಗೇ ಅಂತ ಒಂದು ಸರ್ವರ್ ಹಾಕಿಕೊಡುತ್ತೇನೆ ಅನ್ನುತ್ತಿದ್ದಾನೆ. ಟ್ವಿಟರಿನ ಥರದ ಕೂ ತಾಣ ಮುಚ್ಚಿದ ಹಾಗೆ ಇದೂ ಮುಚ್ಚಿದರೆ ಏನು ಗತಿ? ಒಳ್ಳೆಯದು, ಕೆಟ್ಟದ್ದು ಎರಡನ್ನೂ ಬಿಡಿಸಿ ಹೇಳಿ.
(ಹೆಸರು ಬೇಡ ಎಂದಿರುವ ಓದುಗರು, ಶಿರಸಿ)

ಸಂಪಾದಕರ ಉತ್ತರ:

ನಮಸ್ಕಾರ. ಹಾಕಿಸಿಕೊಳ್ಳಿ, ಒಂದು ಮಿಡಿಕಾಲ ಬೇರೆ ಕಡೆ ಪ್ರಯೋಗ ಮಾಡಿ ನೋಡಿದ ಮೇಲೆ. ಆದರೆ ವಾಟ್ಸಾಪ್ ಗುಂಪನ್ನು ಈಗಲೇ ಮುಚ್ಚಬೇಡಿ. ಇನ್ನೊಂದು, ಹುಡುಗನಿಗೆ ಮದುವೆ ಗೊತ್ತಾಗಿದೆಯಾ ಅಂತ ವಿಚಾರಿಸಿ. ತಮಾಷೆಗೆ ಹೇಳುತ್ತಿಲ್ಲ. ಯಾಕೆ ಅಂತ ಮುಂದೆ ಬರುತ್ತದೆ.

ಮಾಸ್ಟೊಡಾನನ್ನು 2016ರಲ್ಲಿ ಶುರು ಮಾಡಿದ್ದು ಜರ್ಮನಿಯ ಯುಗೆನ್ ರೋಚ್ಕೊ ಎಂಬ ಯುವಕ. ನೋಡಲು ಹಳೆಯ ಟ್ವಿಟರ್ ಥರವೇ ಇದೆ. ಒಂದು ಪೋಸ್ಟಿಗೆ ಸಾಮಾನ್ಯವಾಗಿ 500 ಅಕ್ಷರ. ವ್ಯತ್ಯಾಸ ಇರುವುದು ಒಳಗೆ. ಇದು ಒಂದು ಕಂಪನಿಯ ಒಂದೇ ಜಾಗ ಅಲ್ಲ. ಯಾರು ಬೇಕಾದರೂ ಆ ಸಾಫ್ಟ್‌ವೇರನ್ನು ಬಿಟ್ಟಿಯಾಗಿ ತಂದು ತಮ್ಮ ಸರ್ವರಿನಲ್ಲಿ, ಅಂದರೆ ಸದಾ ಇಂಟರ್ನೆಟ್ಟಿನಲ್ಲಿರುವ ಒಂದು ಕಂಪ್ಯೂಟರಿನಲ್ಲಿ, ಹಾಕಿಕೊಳ್ಳಬಹುದು. ಬಿಎಸ್ಸೆನ್ನೆಲ್ ಫೋನಿಂದ ಜಿಯೋಗೆ ಮಾತಾಡುತ್ತೇವಲ್ಲ, ಹಾಗೆ ಒಂದು ಸರ್ವರಿನವರು ಇನ್ನೊಂದು ಸರ್ವರಿನವರ ಜೊತೆ ಮಾತಾಡಬಹುದು. ಆ ಮಾತುಕತೆಯ ನಿಯಮಕ್ಕೆ ಆ್ಯಕ್ಟಿವಿಟಿಪಬ್ ಎಂದು ಹೆಸರು. ವೆಬ್ಬಿನ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲಿ ಅದಕ್ಕೆ ಮುದ್ರೆ ಒತ್ತಿತು.

ಕೂ ಹಾಗಿರಲಿಲ್ಲ. ಬೆಂಗಳೂರಿನದು, 2020ರಲ್ಲಿ ಮೊದಲು ಕನ್ನಡದಲ್ಲೇ ಕಣ್ಣು ಬಿಟ್ಟಿದ್ದು, ನಮಗೆಲ್ಲ ಒಂಚೂರು ಹೆಮ್ಮೆಯೂ ಇತ್ತು. ಆದರೆ ಅದು ಒಂದೇ ಕಂಪನಿಯ ಕೈಯಲ್ಲಿತ್ತು. 2024ರ ಜುಲೈನಲ್ಲಿ ಕಂಪನಿ ಕದ ಹಾಕಿತು, ಅದರ ಲಾಂಛನದ ಹಳದಿ ಹಕ್ಕಿ ಹಾರಿಹೋಯಿತು. ಮಾಸ್ಟೊಡಾನಿನಲ್ಲಿ ಎಲ್ಲ ಒಟ್ಟಿಗೆ ಮುಚ್ಚುವ ಭಯ ಇಲ್ಲ. ಬಿಡಿಬಿಡಿಯಾಗಿ ಮುಚ್ಚುವ ಭಯ ಇದೆ. ನೀವು ಕೂತಿರುವ ಕೊಂಬೆಯೇ ಮುರಿದರೆ ಮರ ಗಟ್ಟಿಯಾಗಿದ್ದು ನಿಮಗೇನು ಬಂತು, ಅಲ್ವಾ?

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ನಾನು ಅಲ್ಲಿ ಖಾತೆ ತೆರೆದದ್ದು 2022ರ ನವೆಂಬರಿನಲ್ಲಿ, ಇಲಾನ್ ಮಸ್ಕ್ ಟ್ವಿಟರ್ ಕೊಂಡ ಮೇಲೆ. ಬೆಳಗ್ಗೆ ಕಾಫಿ ಹೊತ್ತಿಗೆ ನೋಡುತ್ತೇನೆ. ನಾನು ಹಿಂಬಾಲಿಸುವವರು ಬರೆದದ್ದು, ಬರೆದ ಹೊತ್ತಿನ ಕ್ರಮದಲ್ಲಿ ಬರುತ್ತದೆ. ಯಾರೋ ತೂಗಿ ಅಳೆದು, ಇವನಿಗೆ ಇದನ್ನು ತೋರಿಸೋಣ, ಅದನ್ನು ಅಡಗಿಸೋಣ ಅನ್ನುವುದಿಲ್ಲ. ಜಾಹೀರಾತು ಇಲ್ಲ. ಇವತ್ತು ಹನ್ನೆರಡೋ ಹದಿಮೂರೋ ಪೋಸ್ಟ್ ಇತ್ತು. ಆಮೇಲೆ ಮುಗಿಯಿತು. ಹೌದು, ಮುಗಿಯುತ್ತದೆ! ಬೆರಳು ಮೇಲೆ ತಳ್ಳುತ್ತಲೇ ಇರುವ ಚಾಳಿ ಬಿಡಲು ನನಗೆ ಎರಡು ವಾರ ಬೇಕಾಯಿತು.

ನಿಮ್ಮ ಕೆಲಸಕ್ಕೆ ಇದಕ್ಕಿಂತ ದೊಡ್ಡ ಉಪಯೋಗ ಹ್ಯಾಷ್‌ಟ್ಯಾಗ್. ನಿಮ್ಮವರು ಒಬ್ಬೊಬ್ಬರೂ ಫೋಟೊ ಹಾಕುವಾಗ ಮಿಡಿಯ ಹೆಸರಿಗೆ ಮೊದಲು # ಚಿಹ್ನೆ ಹಾಕಿ ಅದನ್ನೇ ಟ್ಯಾಗ್ ಮಾಡಲಿ: ಮಾಳಂಜಿ, ಜೀರಿಗೆಮಿಡಿ, ಅನಂತಭಟ್ಟಅಪ್ಪೆ (ನಡುವೆ ಜಾಗ ಬಿಡಬಾರದು, ಬಿಟ್ಟರೆ ಬರೀ ಅನಂತಭಟ್ಟ ಆಗುತ್ತದೆ). ಮುಂದಿನ ವರ್ಷ ಆ ಟ್ಯಾಗ್ ಒತ್ತಿದರೆ ಆ ಜಾತಿಯ ಎಲ್ಲ ಫೋಟೊ ಸಾಲಾಗಿ ಬರುತ್ತವೆ. ಟ್ಯಾಗನ್ನೇ ಹಿಂಬಾಲಿಸಲೂಬಹುದು. ಆದರೆ ಎಲ್ಲರೂ ಕನ್ನಡದಲ್ಲೇ ಬರೆಯಬೇಕು, ಒಂದೇ ಕಾಗುಣಿತದಲ್ಲಿ. ಒಬ್ಬರು ಇಂಗ್ಲಿಷ್ ಅಕ್ಷರದಲ್ಲಿ ಜೀರಿಗೆ ಅಂತ ಬರೆದರೆ ಅದು ಬೇರೆ ಡಬ್ಬಿಗೆ ಹೋಗಿ ಬೀಳುತ್ತದೆ. ಈ ಶಿಸ್ತನ್ನು ಸರ್ವರ್ ಕಲಿಸುವುದಿಲ್ಲ, ನೀವೇ ಕಲಿಸಬೇಕು.

ಇನ್ನು ಕೆಟ್ಟದ್ದು. ಮೊದಲನೆಯದು ಭಣಭಣ. 2019ರ ಕೊನೆಯಲ್ಲಿ ಸುಪ್ರೀಂ ಕೋರ್ಟಿನ ಹಿರಿಯ ವಕೀಲ ಸಂಜಯ್ ಹೆಗ್ಡೆಯವರ ಖಾತೆಯನ್ನು ಟ್ವಿಟರ್ ತಡೆಹಿಡಿದಾಗ ನಮ್ಮ ದೇಶದ ಎಷ್ಟೋ ಜನ ಸಿಟ್ಟಿನಲ್ಲಿ ಮಾಸ್ಟೊಡಾನಿಗೆ ಬಂದರು. 2022ರಲ್ಲಿ ಮತ್ತೊಂದು ಅಲೆ ಬಂತು. ಎರಡೂ ಸಲ ಬಂದವರಲ್ಲಿ ಬಹಳ ಜನ ವಾಪಸ್ ಹೋದರು. ಕಾರಣ ಸರಳ. ಮಾತಾಡಿಸುವವರು ಇಲ್ಲದ ಮದುವೆಮನೆಯಲ್ಲಿ ಎಷ್ಟು ಹೊತ್ತು ಕೂರುತ್ತೀರಿ? ಸಣ್ಣ ಸರ್ವರಿನಲ್ಲಿ ಇದು ಇನ್ನೂ ಜಾಸ್ತಿ. ನಿಮ್ಮ ನಲವತ್ತು ಜನ ಹೊರಗೆ ಯಾರನ್ನು ಹಿಂಬಾಲಿಸುತ್ತಾರೋ ಹೆಚ್ಚುಕಮ್ಮಿ ಅವರ ಬರಹ ಮಾತ್ರ ನಿಮ್ಮ ಸರ್ವರಿಗೆ ಬರುತ್ತದೆ. ಲೋಕದಲ್ಲೆಲ್ಲ ಮಾವಿನ ಮಾತು ನಡೆಯುತ್ತಿದ್ದರೂ ನಿಮ್ಮಲ್ಲಿ ಹುಡುಕಿದರೆ ನಾಲ್ಕೇ ಪೋಸ್ಟ್ ಕಾಣಬಹುದು. ಮಾಸ್ಟೊಡಾನಿನ ಹಳೆಯ ಆವೃತ್ತಿಗಳಲ್ಲಿ ಹೊರಗಿನವರೊಬ್ಬರ ಪೋಸ್ಟಿಗೆ ಇಪ್ಪತ್ತು ಉತ್ತರ ಬಂದಿದ್ದರೂ ಮೂರೇ ಕಾಣುವುದೂ ಇತ್ತು. ನಿಮ್ಮದು ನಿಮ್ಮೊಳಗಿನ ಕೆಲಸ, ಆದ್ದರಿಂದ ಈ ಕೊರತೆ ನಿಮಗೆ ಅಷ್ಟು ಬಾಧಿಸಲಿಕ್ಕಿಲ್ಲ.

ಎರಡನೆಯದು, ಮದುವೆ ವಿಷಯ. ನಾನು ಮೊದಲು ಸೇರಿದ್ದು ಒಬ್ಬರೇ ನಡೆಸುತ್ತಿದ್ದ ಸಣ್ಣ ಸರ್ವರಿಗೆ. ಬಹಳ ಒಳ್ಳೆಯ ಮನುಷ್ಯ. ರಾತ್ರಿ ಹನ್ನೊಂದಕ್ಕೆ ಕೇಳಿದರೂ ಉತ್ತರ ಕೊಡುತ್ತಿದ್ದರು. ಒಂದು ದಿನ ಅವರಿಂದ ಪೋಸ್ಟ್ ಬಂತು: ಮಗು ಹುಟ್ಟಿದೆ, ಕೆಲಸವೂ ಬದಲಾಗಿದೆ, ಇನ್ನು ಆರು ವಾರದಲ್ಲಿ ಸರ್ವರ್ ನಿಲ್ಲಿಸುತ್ತೇನೆ, ಕ್ಷಮಿಸಿ. ಬೈಯೋಣ ಅಂದರೆ ಬಾಯಿ ಬರಲಿಲ್ಲ. ಬಿಟ್ಟಿ ಊಟ ಹಾಕಿದವರನ್ನು ನಾಳೆಯ ಊಟ ಎಲ್ಲಿ ಅಂತ ಕೇಳುವುದು ಹೇಗೆ? ಮಗುವಿಗೆ ಒಳ್ಳೆಯದಾಗಲಿ ಅಂತ ಬರೆದು ಗಂಟುಮೂಟೆ ಕಟ್ಟಿದೆ.

ಆಗ ಗೊತ್ತಾಗಿದ್ದು ಇದು. ಸಿಮ್ ಪೋರ್ಟ್ ಮಾಡಿಸಿದರೆ ನಂಬರ್ ಹಾಗೇ ಉಳಿಯುತ್ತದೆ. ಇಲ್ಲಿ ಸರ್ವರ್ ಬದಲಿಸಿದರೆ ವಿಳಾಸ ಬದಲಾಗುತ್ತದೆ. ನಿಮ್ಮನ್ನು ಹಿಂಬಾಲಿಸುತ್ತಿದ್ದವರು ತಾವಾಗಿಯೇ ಹೊಸ ಖಾತೆಗೆ ಬರುತ್ತಾರೆ. ಆದರೆ ಬರೆದದ್ದು ಬರುವುದಿಲ್ಲ. ಹಳೆಯ ಪೋಸ್ಟ್‌ಗಳನ್ನು ಒಂದು ಜಿಪ್ ಫೈಲಾಗಿ ಇಳಿಸಿಕೊಳ್ಳಬಹುದು, ಅಷ್ಟೇ. ನಾನು ಇಳಿಸಿ ತೆರೆದೆ. ಫೋಟೊಗಳು ಒಂದು ಫೋಲ್ಡರಿನಲ್ಲಿ, ಗುರುತೇ ಸಿಗದ ಉದ್ದುದ್ದ ಹೆಸರಿನಲ್ಲಿ. ಬರಹವೆಲ್ಲ ಒಂದೇ ಫೈಲಿನಲ್ಲಿ: ಬ್ರಾಕೆಟ್ಟು, ಕೊಲನ್ನು, ಮತ್ತೆ ಬ್ರಾಕೆಟ್ಟು, ನಡುವೆ ಭತ್ತದಲ್ಲಿ ಅಕ್ಕಿಕಾಳಿನ ಹಾಗೆ ಅಲ್ಲೊಂದು ಇಲ್ಲೊಂದು ನನ್ನ ಕನ್ನಡ ಸಾಲು. ಇನ್ನೂ ಒಂದು ಮಾತಿದೆ. ಹಿಂಬಾಲಿಸುವವರನ್ನು ಸಾಗಿಸಬೇಕಾದರೂ ಹಳೆಯ ಸರ್ವರ್ ಜೀವಂತ ಇರಬೇಕು. ಹೇಳದೆ ಕೇಳದೆ ನಿಂತುಹೋದರೆ ಅದೂ ಆಗುವುದಿಲ್ಲ.

ಇದು ನನ್ನೊಬ್ಬನ ಕಥೆಯಲ್ಲ. 2023ರಲ್ಲಿ ಸಾವಿರಾರು ಜನರಿದ್ದ ಮಾಸ್ಟೊಡಾನ್ ಡಾಟ್ ಎಲ್‌ಒಎಲ್ ಎಂಬ ಸರ್ವರನ್ನು ಅದರ ಯಜಮಾನರು ಜಗಳ, ಬೈಗುಳ ಸಾಕಾಯಿತು ಎಂದು ಮೂರು ತಿಂಗಳ ನೋಟಿಸ್ ಕೊಟ್ಟು ಮುಚ್ಚಿದರು. 2024ರಲ್ಲಿ ನಡೆದದ್ದು ಇನ್ನೂ ವಿಚಿತ್ರ. ಕ್ವಿಯರ್ ಡಾಟ್ ಎಎಫ್ ಎಂಬ ಸರ್ವರ್ ಇತ್ತು. ಎಎಫ್ ಅಂದರೆ ಅಫ್ಘಾನಿಸ್ತಾನಕ್ಕೆ ಸೇರಿದ ವಿಳಾಸ. ಕೇಳಲು ಚಂದ ಅಂತ ತೆಗೆದುಕೊಂಡಿದ್ದರು. ತಾಲಿಬಾನ್ ಆಡಳಿತ ಆ ಹೆಸರನ್ನೇ ರದ್ದು ಮಾಡಿತು. ಸರ್ವರ್ ಎಲ್ಲೋ ಸುಖವಾಗಿಯೇ ಇತ್ತು, ಬಾಗಿಲ ಮೇಲಿನ ಬೋರ್ಡು ಹೋಯಿತು. ನಿಮ್ಮ ಹುಡುಗ ವಿಳಾಸ ಆರಿಸುವಾಗ ಸ್ಟೈಲು ನೋಡದೆ ಸುಮ್ನೆ ಡಾಟ್ ಇನ್ ತೆಗೆದುಕೊಳ್ಳಲಿ. ಅದು ಅವನ ಹೆಸರಲ್ಲಿ ಬೇಡ, ಗುಂಪಿನ ಹಿರಿಯರೊಬ್ಬರ ಹೆಸರಲ್ಲಿ ಇರಲಿ. ವರ್ಷಕ್ಕೊಮ್ಮೆ ಹಣ ಕಟ್ಟಲು ಮರೆಯಬಾರದು.

ಮಾಸ್ಟೊಡಾನಿನವರು ತಮ್ಮ ತಾಣದ ಪಟ್ಟಿಯಲ್ಲಿ ಸೇರಿಸುವ ಸರ್ವರುಗಳಿಗೆ ಕೆಲವು ಕರಾರು ಹಾಕಿದ್ದಾರೆ. ದಿನಾ ಬ್ಯಾಕಪ್ ತೆಗೆಯಬೇಕು. ತುರ್ತಿಗೆ ಅಂತ ಇನ್ನೊಬ್ಬರ ಬಳಿಯೂ ಕೀಲಿ ಇರಬೇಕು. ಮುಚ್ಚುವುದಾದರೆ ಮೂರು ತಿಂಗಳು ಮುಂಚೆ ಹೇಳಬೇಕು. ನಿಮ್ಮದು ಆ ಪಟ್ಟಿಗೆ ಹೋಗಬೇಕಿಲ್ಲ. ಆದರೂ ಈ ಮೂರನ್ನು ತಮ್ಮನ ಮಗನ ಮುಂದೆ ಇಡಿ. ಅವನು ನಕ್ಕು, ಅತ್ತೆ ನಾನಿಲ್ಲವಾ ಅಂದರೆ, ನೀನಿಲ್ಲದ ದಿನಕ್ಕೇ ಕೇಳುತ್ತಿರೋದು ಅನ್ನಿ. ಖರ್ಚನ್ನೂ ಅವನ ಮೇಲೆ ಬಿಡಬೇಡಿ. ಹೊರಗಿನ ಸರ್ವರುಗಳ ಫೋಟೊಗಳೂ ನಿಮ್ಮ ಸರ್ವರಿನಲ್ಲಿ ಬಂದು ಕೂರುತ್ತವೆ, ಆಗಾಗ ಗುಡಿಸದಿದ್ದರೆ ಡಿಸ್ಕ್ ತುಂಬುತ್ತದೆ. ನಲವತ್ತು ಜನ ವಂತಿಗೆ ಹಾಕಿದರೆ ಭಾರವಲ್ಲ. ಹಣ ಕೊಟ್ಟವರಿಗೆ ಕೇಳುವ ಹಕ್ಕೂ ಬರುತ್ತದೆ.

ಮೂರನೆಯದು ಗುಟ್ಟು. ವಾಟ್ಸಾಪಿನಲ್ಲಿ ನೀವು ಬರೆದದ್ದು ದಾರಿಯಲ್ಲಿ ಯಾರಿಗೂ ಓದಲಾಗದ ಹಾಗೆ ಬೀಗ ಹಾಕಿಕೊಂಡು ಹೋಗುತ್ತದೆ. ಮಾಸ್ಟೊಡಾನಿನ ಖಾಸಗಿ ಮೆಸೇಜಿಗೆ ಆ ಬೀಗ ಇಲ್ಲ. ಸರ್ವರ್ ನಡೆಸುವವರು ಮನಸ್ಸು ಮಾಡಿದರೆ ಓದಬಹುದು. ತಮ್ಮನ ಮಗ ಓದುವವನಲ್ಲ, ನಿಜ. ಆದರೂ ಆಸ್ತಿ ಮಾತು, ಬ್ಯಾಂಕಿನ ಮಾತು, ಸೊಸೆಯ ಮಾತು ಅಲ್ಲಿ ಬೇಡ. ನನಗಾದ ಅವಮಾನ ಕೇಳಿ. ನಮ್ಮ ಅಂಕಣಕಾರರೊಬ್ಬರು ಲೇಖನ ಕೊಡಲು ಸತಾಯಿಸುತ್ತಿದ್ದರು. ಇನ್ನೊಬ್ಬ ಮಿತ್ರರಿಗೆ ಖಾಸಗಿಯಾಗಿ ಬರೆದೆ, ಇವರದು ಯಾವಾಗಲೂ ಇದೇ ಗೋಳು ಅಂತ. ಬರೆಯುವಾಗ ಅಂಕಣಕಾರರ ಹೆಸರಿಗೆ ಮೊದಲು ಆ್ಯಟ್ (@) ಚಿಹ್ನೆ ಹಾಕಿದ್ದೆ. ಅಲ್ಲಿ ಹಾಗೆ ಹೆಸರು ಹಾಕಿದರೆ ಆ ಖಾಸಗಿ ಮೆಸೇಜು ಅವರಿಗೂ ಹೋಗುತ್ತದೆ! ಐದು ನಿಮಿಷದಲ್ಲಿ ಅವರಿಂದಲೇ ಉತ್ತರ: ಶುಕ್ರವಾರ ಕೊಡುತ್ತೇನೆ. ಕೊಟ್ಟರು. ಆದರೆ ಆಮೇಲೆ ಒಂದು ತಿಂಗಳು ಫೋನ್ ಎತ್ತಲಿಲ್ಲ.

ಇದಕ್ಕೇ ಸೇರಿದ ಮಾತು, ಮರದ ಜಾಗ. ಅಪರೂಪದ ಅಪ್ಪೆಮರ ಎಲ್ಲಿದೆ ಅಂತ ಲೋಕಕ್ಕೆಲ್ಲ ಗೊತ್ತಾದರೆ ಏನಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಮಿಡಿಯ ಆಸೆಗೆ ಕೊಂಬೆಯನ್ನೇ ಕಡಿದು ಕೆಡವುವವರಿದ್ದಾರೆ. ಮಾಮೂಲು ಮಾಸ್ಟೊಡಾನಿನಲ್ಲಿ, ಈ ಪೋಸ್ಟ್ ನಮ್ಮ ಸರ್ವರಿನಿಂದ ಹೊರಗೆ ಹೋಗಬಾರದು ಅನ್ನುವ ಸೌಲಭ್ಯ ಇಲ್ಲ. ಅಮೆರಿಕದ ಡೇರಿಯಸ್ ಕಜೆಮಿ ಎಂಬವರು ಮಾಸ್ಟೊಡಾನನ್ನೇ ತಿದ್ದಿ ಹೋಮ್‌ಟೌನ್ ಅಂತ ಮಾಡಿದ್ದಾರೆ. ಪರಿಚಯದವರ ಸಣ್ಣ ಗುಂಪಿಗೆಂದೇ ಮಾಡಿದ್ದು, ಅದರಲ್ಲಿ ಈ ಸೌಲಭ್ಯ ಇದೆ. ಹುಡುಗನಿಗೆ ಅದನ್ನೂ ನೋಡಲು ಹೇಳಿ. ಅದಿದ್ದರೂ ಪೂರ್ತಿ ವಿಳಾಸ ಬರೆಯುವ ಅಭ್ಯಾಸ ಬೇಡ.

ಸರ್ವರ್ ಅಂದ ಮೇಲೆ ಪಂಚಾಯಿತಿಕೆಯೂ ಇದೆ. ದ್ವೇಷ ಕಾರುವವರ ಸರ್ವರುಗಳೂ ಈ ಲೋಕದಲ್ಲಿವೆ. 2019ರಲ್ಲಿ ಗ್ಯಾಬ್ ಎಂಬ ತಾಣ ಮಾಸ್ಟೊಡಾನ್ ಸಾಫ್ಟ್‌ವೇರಿಗೆ ಬದಲಾದಾಗ ಬಹಳಷ್ಟು ಸರ್ವರಿನವರು ಅದನ್ನು ಪೂರ್ತಿ ತಡೆದರು. ನಿಮ್ಮಲ್ಲೂ ಯಾರನ್ನು ತಡೆಯಬೇಕು ಅಂತ ಯಾರೋ ಒಬ್ಬರು ಕೂತು ನೋಡಬೇಕು. ನಮ್ಮ ದೇಶದ 2021ರ ಐಟಿ ನಿಯಮಗಳಲ್ಲಿ ಭಾರಿ ಹೊಣೆ ಇರುವುದು 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ತಾಣಗಳಿಗೆ. ಆದರೆ ದೂರು ಕೇಳುವವರೊಬ್ಬರ ಹೆಸರು ಪ್ರಕಟಿಸುವುದು ಸಣ್ಣವರಿಗೂ ತಪ್ಪಿದ್ದಲ್ಲ. ಹೊರಗಿನವರಿಗೆ ಖಾತೆ ಕೊಡದೆ ನಿಮ್ಮ ನಲವತ್ತು ಜನಕ್ಕೇ ಇಟ್ಟುಕೊಂಡರೆ ಅರ್ಧ ತಲೆನೋವು ಕಡಿಮೆ.

ನಿಮ್ಮ ಜಾಗದಲ್ಲಿ ನಾನಿದ್ದರೆ ಹೀಗೆ ಮಾಡುತ್ತಿದ್ದೆ. ಸರ್ವರಿಗೆ ಈಗಲೇ ಕೈ ಹಾಕದೆ, ಮೊದಲು ಐದಾರು ಜನ ಈಗಾಗಲೇ ಇರುವ ದೊಡ್ಡ ಸರ್ವರೊಂದರಲ್ಲಿ ಖಾತೆ ತೆರೆಯುವುದು. ಒಂದು ಮಿಡಿಕಾಲ ಪೂರ್ತಿ ಅಲ್ಲಿ ಫೋಟೊ ಹಾಕಿ ನೋಡುವುದು. ಟ್ಯಾಗಿನ ಶಿಸ್ತು ನಿಲ್ಲುತ್ತದಾ, ಎಪ್ಪತ್ತು ದಾಟಿದವರಿಗೆ ಕೈ ಕುದುರುತ್ತದಾ ಅಂತ ಅಷ್ಟರಲ್ಲಿ ಗೊತ್ತಾಗುತ್ತದೆ. ಕುದುರಿದರೆ ಮುಂದಿನ ವರ್ಷ ಸ್ವಂತ ಸರ್ವರ್. ಅಷ್ಟೂ ದಿನ ಮೂಲ ಫೋಟೊಗಳು ಒಂದು ಹಾರ್ಡ್ ಡಿಸ್ಕಿನಲ್ಲಿ, ಜಾತಿಯ ಹೆಸರು, ತಾರೀಕು ಬರೆದ ಫೋಲ್ಡರುಗಳಲ್ಲಿ ನಿಮ್ಮ ಮನೆಯ ಕಪಾಟಿನಲ್ಲಿರಲಿ. ಇನ್ನೊಂದು ಪ್ರತಿ ಬೇರೆ ಊರಿನವರ ಮನೆಯಲ್ಲಿ.

ಪತ್ರದ ಜೊತೆ ಕಳಿಸಿದ್ದ ಮಾಳಂಜಿ ಗೊಂಚಲಿನ ಫೋಟೊ ಚೆನ್ನಾಗಿ ಬಂದಿದೆ, ಈ ಪುಟದಲ್ಲೇ ಹಾಕಿದ್ದೇವೆ. ಫೋಟೊದ ಬೆನ್ನಿಗೆ ನೀವು ಹೊಳೆಯ ಹೆಸರು, ಸೇತುವೆಯಿಂದ ಎಷ್ಟು ಹೆಜ್ಜೆ ಅಂತ ಬರೆದಿದ್ದಿರಿ. ಅದನ್ನು ಅಚ್ಚು ಹಾಕಿಲ್ಲ.