ಓದುಗರ ಪ್ರಶ್ನೆ: ಪುಟ್ಟ ಉಪಗ್ರಹದಲ್ಲಿ ವಿಕಿರಣದ ಪ್ರಯೋಗ

ಪ್ರಶ್ನೆ: ನಮ್ಮ ಕಾಲೇಜಿನ ವಿದ್ಯಾರ್ಥಿಗಳು 10 ಸೆಂ.ಮೀ. ಘನಾಕಾರದ ಕ್ಯೂಬ್‌ಸ್ಯಾಟ್ ಒಂದರ ವಿನ್ಯಾಸದಲ್ಲಿ ತೊಡಗಿದ್ದೇವೆ. ಸುಮಾರು 500 ಕಿ.ಮೀ. ಎತ್ತರದ ಧ್ರುವೀಯ ಕಕ್ಷೆ ನಮ್ಮ ಗುರಿ. ಗೈಗರ್ ಕೌಂಟರ್ (ಅನಿಲ ತುಂಬಿದ ಕೊಳವೆಯಿಂದ ವಿಕಿರಣದ ಕಣಗಳನ್ನು ಎಣಿಸುವ ಉಪಕರಣ), ಪಿನ್ ಡಯೋಡ್ (ಕಣ ತಾಗಿದಾಗ ವಿದ್ಯುತ್ ಸ್ಪಂದನ ಕೊಡುವ ಪುಟ್ಟ ಅರೆವಾಹಕ) ಮತ್ತು ಮೆಮೊರಿ ಚಿಪ್ ಮೂರನ್ನೂ ಇಟ್ಟು ವಿಕಿರಣವನ್ನು ಅಳೆಯಬೇಕೆಂದಿದ್ದೇವೆ. ಇದು ಸರಿಯಾದ ಪ್ರಯೋಗವೇ?
– ಎಂಜಿನಿಯರಿಂಗ್ ವಿದ್ಯಾರ್ಥಿನಿ, ಬೆಳಗಾವಿ

ಉತ್ತರ: ಮೂರು ಉಪಕರಣಗಳನ್ನು ಹೆಸರಿಸಿದ್ದೀರಿ, ಅವುಗಳಿಂದ ಏನು ತಿಳಿಯಬೇಕೆಂದು ಮಾತ್ರ ಬರೆದಿಲ್ಲ. ಭೂಮಿಯ ಕಾಂತಕ್ಷೇತ್ರದಲ್ಲಿ ಸಿಕ್ಕಿಬಿದ್ದ ಕಣಗಳ ಒಳಪಟ್ಟಿ, ಹೊರಪಟ್ಟಿ ಎಂಬ ವಿಕಿರಣದ ಪಟ್ಟಿಗಳು ಬಾಹ್ಯಾಕಾಶದಲ್ಲಿವೆ ಎಂಬುದು 1958ರಲ್ಲೇ ಗೊತ್ತಾಗಿದೆ. ಆದ್ದರಿಂದ ಪ್ರಶ್ನೆಯನ್ನು ಕಿರಿದುಗೊಳಿಸಿ: ಅಲ್ಯೂಮಿನಿಯಂ ಹೊದಿಕೆ ದಪ್ಪವಾದಂತೆ ಒಳಗಿನ ಚಿಪ್‌ಗೆ ತಾಗುವ ಕಣಗಳು ಎಷ್ಟು ತಗ್ಗುತ್ತವೆ, ಮತ್ತು ಈ ತಗ್ಗುವಿಕೆ ಭೂಮಿಯ ಎಲ್ಲ ಭಾಗಗಳ ಮೇಲೂ ಒಂದೇ ಪ್ರಮಾಣದಲ್ಲಿರುತ್ತದೆಯೇ?

ಇದಕ್ಕೆ ಒಂದೇ ಬಗೆಯ ಎರಡು ಪಿನ್ ಡಯೋಡ್‌ಗಳು ಸಾಕು. ಒಂದಕ್ಕೆ ಅರ್ಧ ಮಿ.ಮೀ., ಇನ್ನೊಂದಕ್ಕೆ 3 ಮಿ.ಮೀ. ಹೊದಿಕೆ ಹಾಕಿ. ಹತ್ತು ಲಕ್ಷ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಎಲೆಕ್ಟ್ರಾನು ಸುಮಾರು 2 ಮಿ.ಮೀ. ಅಲ್ಯೂಮಿನಿಯಂ ದಾಟುವಷ್ಟರಲ್ಲಿ ನಿಂತುಹೋಗುತ್ತದೆ. ಐದು ಕೋಟಿ ಎಲೆಕ್ಟ್ರಾನ್‌ವೋಲ್ಟಿನ ಪ್ರೋಟಾನಿಗೆ ಎರಡೂ ಹೊದಿಕೆಗಳು ಲೆಕ್ಕಕ್ಕಿಲ್ಲ. ಹೀಗಾಗಿ ಹೊರಪಟ್ಟಿಯ ಎಲೆಕ್ಟ್ರಾನುಗಳು ಕೆಳಗಿಳಿಯುವ ಧ್ರುವಗಳ ಸಮೀಪದಲ್ಲಿ ಎರಡು ಎಣಿಕೆಗಳ ನಡುವೆ ದೊಡ್ಡ ಅಂತರವನ್ನೂ, ಒಳಪಟ್ಟಿಯ ಪ್ರೋಟಾನುಗಳು ತಗ್ಗಿಗೆ ಬರುವ ದಕ್ಷಿಣ ಅಟ್ಲಾಂಟಿಕ್‌ನ ಮೇಲೆ ಅದಕ್ಕಿಂತ ಕಡಿಮೆ ಅಂತರವನ್ನೂ ನಿರೀಕ್ಷಿಸಬಹುದು. ಹೊದಿಕೆಯನ್ನು ಮುಂಬದಿಗಷ್ಟೇ ಹಾಕಿ ಹಿಂಬದಿಯನ್ನು ಬರಿದೇ ಬಿಟ್ಟರೆ ಕಣಗಳು ಅಲ್ಲಿಂದ ನುಗ್ಗುತ್ತವೆ. ಆಮೇಲೆ ಅಂತರಕ್ಕೆ ಅರ್ಥವೇ ಇರುವುದಿಲ್ಲ.

ಇನ್ನು ಬೆಳಗಾವಿಯ ವಿಷಯ. ನಾವು ಭೂಕಾಂತೀಯ ಸಮಭಾಜಕಕ್ಕೆ (ಭೂಮಿಯ ಎರಡು ಕಾಂತಧ್ರುವಗಳ ನಡುಮಧ್ಯದ ರೇಖೆಗೆ) ಹತ್ತಿರವಿರುವುದರಿಂದ, ಉಪಗ್ರಹ ನಿಮ್ಮ ಕಾಲೇಜಿನ ಆಂಟೆನಾಗೆ ಸಿಗುವ ಹತ್ತು ನಿಮಿಷಗಳಲ್ಲಿ ಎಣಿಕೆ ಅತಿ ಕಡಿಮೆಯಿರುತ್ತದೆ. ನೋಡಬೇಕಾದದ್ದೆಲ್ಲ ನಡೆಯುವುದು ಭೂಮಿಯ ಬೇರೆ ಕಡೆಗಳಲ್ಲಿ. ಆದಕಾರಣ ಪ್ರತಿ ಎಣಿಕೆಯನ್ನೂ ನಿಖರ ಸಮಯದ ಜೊತೆ ಉಪಗ್ರಹದಲ್ಲೇ ಸಂಗ್ರಹಿಸಬೇಕು. ಸಮಯವಿಲ್ಲದ ಎಣಿಕೆಯಿಂದ ಸ್ಥಳ ಗೊತ್ತಾಗುವುದಿಲ್ಲ. ಹತ್ತು ಸೆಕೆಂಡಿಗೊಮ್ಮೆ, ಅಂದರೆ ಸುಮಾರು 75 ಕಿ.ಮೀ.ಗೊಮ್ಮೆ ಅಳೆದರೆ ದಿನಕ್ಕೆ 8,640 ದಾಖಲೆಗಳಾಗುತ್ತವೆ. ಒಂದೊಂದಕ್ಕೆ 6 ಬೈಟ್ ಹಿಡಿದರೆ ಒಟ್ಟು 52 ಕಿಲೋಬೈಟ್. ಸೆಕೆಂಡಿಗೆ 1,200 ಬಿಟ್ ಕಳುಹಿಸುವ ರೇಡಿಯೊ ಹತ್ತು ನಿಮಿಷದಲ್ಲಿ ಹೆಚ್ಚೆಂದರೆ 90 ಕಿಲೋಬೈಟ್ ಇಳಿಸಬಲ್ಲದು. ಮೂರು ಉಪಕರಣಗಳ ದತ್ತಾಂಶ ಇದರಲ್ಲಿ ಹಿಡಿಸುವುದು ಕಷ್ಟ.

ಗೈಗರ್ ಕೌಂಟರನ್ನು ಕೈಬಿಡಿ. ಅದಕ್ಕೆ ಸುಮಾರು 400 ವೋಲ್ಟ್ ಬೇಕು, ಮತ್ತು ವಾಯು ವಿರಳವಾದಾಗ ಅಷ್ಟು ವೋಲ್ಟೇಜ್ ಕಿಡಿ ಹಾರಿಸುವ ಅಪಾಯವಿದೆ. ಅದಲ್ಲದೆ 1958ರ ಅಮೆರಿಕದ ಉಪಗ್ರಹ ಎಕ್ಸ್‌ಪ್ಲೋರರ್-1ರಲ್ಲಿ ಭೌತವಿಜ್ಞಾನಿ ವ್ಯಾನ್ ಅಲೆನ್ ಅವರ ಗೈಗರ್ ಕೌಂಟರ್ ಹೆಚ್ಚಿನ ಎತ್ತರದಲ್ಲಿ ಸೊನ್ನೆ ತೋರಿಸಿತ್ತು. ಕಣಗಳ ಸುರಿಮಳೆಯಲ್ಲಿ ಅದಕ್ಕೆ ಎಣಿಸುವ ಬಿಡುವೇ ಸಿಕ್ಕಿರಲಿಲ್ಲ. ಮೆಮೊರಿಗೆ ಪ್ರತ್ಯೇಕ ಚಿಪ್ ಬೇಡ. ಮುಖ್ಯ ಕಂಪ್ಯೂಟರಿನ ಖಾಲಿ ಮೆಮೊರಿಯಲ್ಲಿ ಗೊತ್ತಿರುವ ಬಿಟ್‌ಗಳನ್ನು ಬರೆದಿಟ್ಟು, ಆಗಾಗ ಓದಿ, ಕಣಗಳ ಹೊಡೆತಕ್ಕೆ ಎಷ್ಟು ಬಿಟ್‌ಗಳು ಸೊನ್ನೆ-ಒಂದು ಅದಲುಬದಲಾಗಿವೆ ಎಂದು ದಾಖಲಿಸಿದರಾಯಿತು.

ಪ್ರಶ್ನೆ: ಪ್ರಯೋಗಾಲಯದಲ್ಲಿ ವಿಕಿರಣ ಮೂಲಗಳಿಲ್ಲದೆ ಇಂಥ ಸಂವೇದಕಗಳನ್ನು ಪರೀಕ್ಷಿಸಬಹುದೇ?
– ಭೌತಶಾಸ್ತ್ರ ಅಧ್ಯಾಪಕರು, ಬಾಗಲಕೋಟೆ

ಉತ್ತರ: ತಕ್ಕಮಟ್ಟಿಗೆ ಪರೀಕ್ಷಿಸಬಹುದು. ನಿಮ್ಮ ಕಡೆ ಕಬ್ಬಿಗೆ ಹಾಕುವ ಪೊಟ್ಯಾಷ್ ಗೊಬ್ಬರವನ್ನು ಅಂಗಡಿಯಿಂದ ಅರ್ಧ ಕಿಲೋ ತನ್ನಿ. ಅದರಲ್ಲಿ ಸಹಜವಾಗಿಯೇ ಇರುವ ವಿಕಿರಣಶೀಲ ಪೊಟ್ಯಾಸಿಯಂ-40ರಿಂದಾಗಿ ಶುದ್ಧ ಪೊಟ್ಯಾಸಿಯಂ ಕ್ಲೋರೈಡಿನ ಪ್ರತಿ ಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 16 ವಿಘಟನೆಗಳು ನಡೆಯುತ್ತವೆ. ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ತೆಳು ಹೊದಿಕೆಯ ಡಯೋಡಿಗೆ ತಾಗಿಸಿ. ಇಳಕಲ್ಲಿನ ಕೆಂಪು ಗ್ರಾನೈಟ್ ಹತ್ತಿರವೇ ಸಿಗುತ್ತದೆಯಾದರೂ ಅದರ ವಿಕಿರಣ ಇದಕ್ಕಿಂತ ಬಹಳ ಕ್ಷೀಣ. ಡಯೋಡಿನ ಸಂವೇದಿ ಭಾಗ ಕೆಲವೇ ಚದರ ಮಿ.ಮೀ. ಇರುವುದರಿಂದ ರಾತ್ರಿಯಿಡೀ ಎಣಿಸಿ, ಮರುರಾತ್ರಿ ಗೊಬ್ಬರವಿಲ್ಲದೆ ಎಣಿಸಿ ಹೋಲಿಸಬೇಕು. ಬೆಳಕು ಕಿಂಚಿತ್ತೂ ಒಳಹೋಗಬಾರದು. ಮೇಜನ್ನು ಬೆರಳಿನಿಂದ ತಟ್ಟಿದರೂ ಕೆಲವು ಡಯೋಡ್ ವಿದ್ಯುನ್ಮಂಡಲಗಳು ಸುಳ್ಳು ಎಣಿಕೆ ಕೊಡುತ್ತವೆ; ಅದನ್ನೂ ತಟ್ಟಿಯೇ ನೋಡಿ. ಪೊಟ್ಯಾಷ್‌ನಿಂದ ಸಾಧ್ಯವಾಗದ್ದು ಕಣಗಳ ಸುರಿಮಳೆಯಲ್ಲಿ ಎಣಿಕೆ ತಪ್ಪುತ್ತದೆಯೇ ಎಂಬ ಪರೀಕ್ಷೆ. ಅದಕ್ಕೆ ಎಲೆಕ್ಟ್ರಾನಿಕ್ಸ್ ವಿಭಾಗದ ಪಲ್ಸ್ ಜನರೇಟರಿನಿಂದ ಮಂಡಲಕ್ಕೆ ಕೃತಕ ಸ್ಪಂದನಗಳನ್ನು ಕೊಟ್ಟು, ವೇಗವನ್ನು ಏರಿಸುತ್ತ ಹೋಗಿ, ಎಣಿಕೆ ಯಾವ ಹಂತದಲ್ಲಿ ಹಿಂದೆ ಬೀಳುತ್ತದೆಂದು ಗುರುತಿಸಿಕೊಳ್ಳಿ.