ಪ್ರಶ್ನೋತ್ತರ: ಓಡಿಸಿದಷ್ಟು ಸಲವೂ ಬೇರೆ ನಕ್ಷೆ

ಪ್ರ: 36 ಮೋರ್ಸ್ ಸಂಕೇತಗಳ ರಾತ್‌ಕಾಫ್ ಕೋಷ್ಟಕವನ್ನು (1957) ಜಿಜಿಓಬಿ (GGobi) ತಂತ್ರಾಂಶದ ಜಿಜಿವಿಸ್‌ಗೆ (GGvis) ಕೊಟ್ಟಿದ್ದೇನೆ; ಅದು ದೂರಗಳ ಪಟ್ಟಿಯಿಂದ ಬಿಂದುಗಳ ನಕ್ಷೆ ಮಾಡುವ ಬಹುಆಯಾಮ ಮಾಪನದ (MDS) ಸಾಧನ. ಓಡಿಸಿದಷ್ಟು ಸಲವೂ ಚಿತ್ರ ಬದಲಾಗುತ್ತದೆ. ಸ್ಟ್ರೆಸ್ (ನಕ್ಷೆಯ ದೂರಗಳು ಕೊಟ್ಟ ದೂರಗಳಿಗೆ ಎಷ್ಟು ಹೊಂದುತ್ತಿಲ್ಲ ಎಂಬ ಅಳತೆ) 0.18ಕ್ಕಿಂತ ಇಳಿಯುವುದಿಲ್ಲ. ಯಾವ ಚಿತ್ರ ಸರಿ?

ಉ: ಮೊದಲು ಕೋಷ್ಟಕವನ್ನೇ ನೋಡಿ. ಅದರಲ್ಲಿರುವುದು ದೂರವಲ್ಲ, ಸಾಮ್ಯ: ಮೋರ್ಸ್ ಬಾರದವರು ಎರಡು ಸಂಕೇತ ಕೇಳಿ 'ಒಂದೇ' ಎಂದ ಶೇಕಡಾವಾರು. ಹಾಗೇ ಕೊಟ್ಟರೆ ಹತ್ತಿರದವು ದೂರ ಹೋಗಿ ಕೂರುತ್ತವೆ. ಜೋಡಿಯ ಕ್ರಮ ಬದಲಾದರೆ ಸಂಖ್ಯೆಯೂ ಬದಲಾಗುವುದರಿಂದ ಎರಡರ ಸರಾಸರಿ ತೆಗೆದುಕೊಳ್ಳಿ. ಆಮೇಲೆ ಆ ಎರಡು ಸಂಕೇತಗಳ ಕರ್ಣದ ಬೆಲೆಗಳನ್ನು (ಅದೇ ಸಂಕೇತವನ್ನು ಎರಡು ಸಲ ಕೇಳಿಸಿದಾಗಿನ ಸಂಖ್ಯೆ) ಕೂಡಿ, ಸರಾಸರಿ ಸಾಮ್ಯದ ಎರಡರಷ್ಟನ್ನು ಕಳೆಯಿರಿ. ಉಳಿದದ್ದರ ವರ್ಗಮೂಲವೇ ದೂರ.

ಚಿತ್ರ ತಿರುಗಿದ್ದರೆ, ಕನ್ನಡಿಯಲ್ಲಿ ಕಂಡಂತೆ ಮಗುಚಿದ್ದರೆ ಅದು ಬೇರೆ ಚಿತ್ರವಲ್ಲ. ಬಿಂದುಗಳ ನಡುವಣ ದೂರಗಳಷ್ಟೇ ಲೆಕ್ಕ. ನೆರೆಹೊರೆಯೇ ಬದಲಾಗಿದ್ದರೆ ಲೆಕ್ಕ ಸ್ಥಳೀಯ ಕನಿಷ್ಠದಲ್ಲಿ, ಎಂದರೆ ಸುತ್ತಮುತ್ತಲಿಗೆ ಮಾತ್ರ ಅತಿ ಕಡಿಮೆ ಸ್ಟ್ರೆಸ್ ಇರುವ ನೆಲೆಯಲ್ಲಿ, ಸಿಕ್ಕಿಬಿದ್ದಿದೆ. ಇಪ್ಪತ್ತು ಮೂವತ್ತು ಯಾದೃಚ್ಛಿಕ ಆರಂಭಗಳಿಂದ ಓಡಿಸಿ, ಅತಿ ಕಡಿಮೆ ಸ್ಟ್ರೆಸ್‌ನದನ್ನು ಇಟ್ಟುಕೊಳ್ಳಿ. ಅನುಮಾನದ ಬಿಂದುವಿದ್ದರೆ ಮೌಸ್‌ನಿಂದ ಎಳೆದು ಇನ್ನೊಂದು ಬದಿಗೆ ಬಿಟ್ಟು ಮತ್ತೆ ಓಡಿಸಿ. ಹಳೆಯ ಜಾಗಕ್ಕೇ ಮರಳಿದರೆ ಆ ಜಾಗವನ್ನು ನಂಬಬಹುದು; ಹೊಸ ಜಾಗದಲ್ಲಿ ನಿಂತು ಸ್ಟ್ರೆಸ್ ಇಳಿದರೆ ಮೊದಲಿನದು ತಪ್ಪು. ಇಂಥ ತಂತ್ರಾಂಶದ ನಿಜವಾದ ಉಪಯೋಗ ಇದೇ, ಬಣ್ಣಬಣ್ಣದ ಚುಕ್ಕೆಗಳಲ್ಲ.

0.18 ಕಂಡು ಹೆದರಬೇಡಿ. ಸ್ಟ್ರೆಸ್ ಅಳತೆಯನ್ನು ರೂಪಿಸಿದ ಕ್ರಸ್ಕಲ್ 1964ರಲ್ಲಿ 0.20 ಕಳಪೆ, 0.10 ಸಾಧಾರಣ, 0.05 ಉತ್ತಮ ಎಂದದ್ದು ನಿಜ, ಆದರೆ ಬಿಂದುಗಳು ಹೆಚ್ಚಿದಷ್ಟೂ ಸ್ಟ್ರೆಸ್ ಏರುತ್ತದೆ. 36 ಬಿಂದುಗಳನ್ನು ಎರಡೇ ಆಯಾಮಕ್ಕೆ ಅಮುಕಿದಾಗ 0.18 ತಳ್ಳಿಹಾಕುವ ಸಂಖ್ಯೆಯಲ್ಲ. ಮೂರು ಆಯಾಮಕ್ಕೆ ಏರಿಸಿ, ತಿರುಗಿಸಿ ನೋಡಿ.

ಪ್ರ: ಬೇರೊಂದು ದತ್ತಾಂಶಕ್ಕೆ ನಾನ್‌ಮೆಟ್ರಿಕ್ (ದೂರಗಳ ಬೆಲೆಯನ್ನಲ್ಲ, ಅವುಗಳ ಹಿರಿಕಿರಿಯ ಕ್ರಮವನ್ನಷ್ಟೇ ಉಳಿಸುವ ವಿಧಾನ) ಆರಿಸಿದೆ. ಸ್ಟ್ರೆಸ್ ಸೊನ್ನೆಯ ಹತ್ತಿರ, ಬಿಂದುಗಳೆಲ್ಲ ಮೂರು ಗುಡ್ಡೆ. ಇಷ್ಟು ಚೆನ್ನಾಗಿ ಬರುತ್ತದೆಯೇ?

ಉ: ಬರುವುದಿಲ್ಲ. ಗುಂಪಿನೊಳಗಿನ ದೂರಗಳೆಲ್ಲ ಗುಂಪುಗಳ ನಡುವಣ ದೂರಗಳಿಗಿಂತ ಚಿಕ್ಕವಾಗಿದ್ದರೆ, ಗುಂಪನ್ನೇ ಒಂದು ಚುಕ್ಕೆಯಾಗಿ ಕುಗ್ಗಿಸಿದರೂ ಕ್ರಮ ಕೆಡುವುದಿಲ್ಲ. ಲೆಕ್ಕ ಆ ಅಡ್ಡದಾರಿ ಹಿಡಿದಿದೆ. ಶೆಪರ್ಡ್ ಚಿತ್ರ (ಕೊಟ್ಟ ದೂರಕ್ಕೆ ಎದುರಾಗಿ ನಕ್ಷೆಯ ದೂರವನ್ನು ತೋರಿಸುವ ಚಿತ್ರ) ತೆರೆಯಿರಿ: ಏರುವ ರೇಖೆಯ ಬದಲು ಎರಡು ಮೂರು ಮೆಟ್ಟಿಲು ಕಂಡರೆ ಇದೇ ರೋಗ. ಮೆಟ್ರಿಕ್‌ಗೆ ಮರಳಿ, ಇಲ್ಲವೇ ಪ್ರತಿ ಗುಂಪನ್ನೂ ಬೇರೆಯಾಗಿ ಓಡಿಸಿ.

ಪ್ರ: ಮೋರ್ಸ್ ನಕ್ಷೆಯ ಅಡ್ಡ ಅಕ್ಷ ಏನನ್ನು ಹೇಳುತ್ತದೆ?

ಉ: ಅಕ್ಷ ಏನನ್ನೂ ಹೇಳುವುದಿಲ್ಲ, ದಿಕ್ಕು ಹೇಳುತ್ತದೆ. ಒಂದು ದಿಕ್ಕಿನಲ್ಲಿ ಸಂಕೇತಗಳು ಉದ್ದವಾಗುತ್ತ ಹೋಗುತ್ತವೆ: ಒಂದೇ ಚುಕ್ಕೆಯ 'ಈ', ಒಂದೇ ಗೆರೆಯ 'ಟಿ' ಒಂದು ತುದಿಗೆ, ಐದೈದು ಗುರುತಿನ ಅಂಕಿಗಳು ಇನ್ನೊಂದಕ್ಕೆ. ಇನ್ನೊಂದು ದಿಕ್ಕಿನಲ್ಲಿ ಚುಕ್ಕೆ ಕಡಿಮೆಯಾಗಿ ಗೆರೆ ಹೆಚ್ಚುತ್ತದೆ. ಉದ್ದಕ್ಕೊಂದು ಬಣ್ಣ ಹಚ್ಚಿ ನಕ್ಷೆ ತಿರುಗಿಸಿದರೆ ಇದು ತಾನಾಗಿ ಕಾಣುತ್ತದೆ.